ನಿಮ್ಮ ಅತ್ತೆಯ ಹುಟ್ಟಿದ ದಿನ

ಹೋದ ಬೇಸಿಗೆ ರಜೆಯಲ್ಲಿ ನಿಮ್ಮ ಅತ್ತೆಯ ಹಳೆಯ ಫುಟ್‌ಬಾಲ್ ಆಟವೊಂದನ್ನು ಮೊಬೈಲಿನಲ್ಲಿ ನೋಡುತ್ತ ಮೊಮ್ಮಕ್ಕಳು ನೀವಿಬ್ಬರೂ ಈ ಅಜ್ಜಿಯನ್ನು ಒಂದು ಮಾತು ಕೇಳಿದಿರಿ. ಇಷ್ಟು ಚೆನ್ನಾಗಿ ಆಡುವ ಅತ್ತೆ ಇಂಡಿಯಾ ಟೀಮಿನಲ್ಲಿ ಯಾಕೆ ಆಡಲಿಲ್ಲ ಎಂದು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಅಪ್ಪ, ಮೇಲೆ ಕೂತವರು ಮೋಸ ಮಾಡಿದರು, ನಮ್ಮಂಥ ಹಳ್ಳಿಯವರಿಗೆ ಅಲ್ಲಿ ಯಾರಿದ್ದಾರೆ ಎಂದ. ನಿಮ್ಮ ಅತ್ತೆ ಅಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಎದ್ದು ಒಲೆಯ ಕಡೆ ಹೋದೆ.

ಮೇಲೆ ಕೂತವರು ಯಾರೂ ಮೋಸ ಮಾಡಲಿಲ್ಲ. ಅವರು ಒಂದು ಕಾಗದ ಕೇಳಿದರು. ಆ ಕಾಗದ ಸಿಗದಂತೆ ಮಾಡಿದವಳು ನಾನು. ಇದು ನಿಮ್ಮ ಅಪ್ಪನಿಗೆ ಅರ್ಧ ಗೊತ್ತು, ಅತ್ತೆಗೆ ಪೂರ್ತಿ ಗೊತ್ತು. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ. ಏಳನೇ ತರಗತಿವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಬಿಳಿಚೋಡಿನ ಹತ್ತಿರದ ಒಂದು ಹಳ್ಳಿ, ಜಗಳೂರು ತಾಲ್ಲೂಕು. ನಮ್ಮಪ್ಪನಿಗೆ ಕುರಿ ಮಂದೆ ಇತ್ತು. ನನ್ನನ್ನು ಕೊಟ್ಟಿದ್ದು ಸಾಸ್ವೆಹಳ್ಳಿಯ ಕಡೆಗೆ, ಈಗ ನೀವು ಇರುವ ಇದೇ ಮನೆಗೆ. ನಿಮ್ಮ ಅಪ್ಪ ಹುಟ್ಟಿದ್ದು ಹೊನ್ನಾಳಿ ಆಸ್ಪತ್ರೆಯಲ್ಲಿ, ಅವನಿಗೆ ಕಾಗದ ಇದೆ. ಎರಡನೆಯ ಬಾಣಂತನಕ್ಕೆ ನಮ್ಮವ್ವ ಹಟ ಮಾಡಿ ನನ್ನನ್ನು ತವರಿಗೆ ಕರೆಸಿಕೊಂಡಳು. ದಸರೆಗೆ ಮುಂಚಿನ ಮಾರ್ನೋಮಿ ಅಮಾವಾಸ್ಯೆ ಕಳೆದು ಮೂರನೆಯ ದಿನ, ಮಂಗಳವಾರ ಬೆಳಿಗ್ಗೆ, ಕುರಿಗಳನ್ನು ಹಟ್ಟಿಯಿಂದ ಬಿಡುವ ಹೊತ್ತಿನಲ್ಲಿ ನಿಮ್ಮ ಅತ್ತೆ ಹುಟ್ಟಿದಳು. ಊರಿನ ಸೂಲಗಿತ್ತಿ ಬಂದು ಹೆರಿಗೆ ಮಾಡಿಸಿದಳು. ಜನನ ಬರೆಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಬರೆಸುವ ಗಂಡಸರು ಮಂದೆ ಹೊಡೆದುಕೊಂಡು ನೀರಿರುವ ಸೀಮೆಗೆ ಹೊರಡುವ ಗಡಿಬಿಡಿಯಲ್ಲಿದ್ದರು.

ಅವಳಿಗೆ ಎರಡು ತುಂಬುವ ಮೊದಲೇ ನಿಮ್ಮ ಅಜ್ಜ ಹೋದರು. ಟ್ರ್ಯಾಕ್ಟರ್ ಮಗುಚಿತು. ಅದರ ವಿಷಯ ಇಲ್ಲಿ ಬರೆಯುವುದಿಲ್ಲ. ಆಮೇಲೆ ಮನೆ ನಡೆದದ್ದು ನಿಮ್ಮ ದೊಡ್ಡಜ್ಜನ ಆಸರೆಯಲ್ಲಿ. ನನ್ನ ಗಂಡನ ಅಣ್ಣ, ನನಗೆ ಭಾವ. ಅವರ ಮುಪ್ಪನ್ನು ಮಾತ್ರ ನೀವು ನೋಡಿದ್ದೀರಿ. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ಅವರ ಮೇಲೆ ಸಿಟ್ಟು ಬರಬಾರದು.

ನಮ್ಮ ಕಾಲದಲ್ಲಿ, ನಮ್ಮ ಮನೆಗಳಲ್ಲಿ, ಭಾವನ ಎದುರು ತಮ್ಮನ ಹೆಂಡತಿ ಮಾತಾಡುತ್ತಿರಲಿಲ್ಲ. ಅವರು ಪಡಸಾಲೆಗೆ ಬಂದರೆ ನಾನು ಸೆರಗು ಹೊದ್ದು ಒಳಗೆ ಸರಿಯುತ್ತಿದ್ದೆ. ಏನಾದರೂ ಬೇಕಿದ್ದರೆ ನನ್ನ ಅತ್ತೆಯವರಿಗೆ, ಅಂದರೆ ನಿಮ್ಮ ಮುತ್ತಜ್ಜಿಗೆ ಹೇಳುವುದು, ಅತ್ತೆ ಅವರಿಗೆ ಹೇಳುವುದು. ಅವರಿಗೂ ಹಾಗೆಯೇ, ನನ್ನ ಮುಖ ನೋಡಿ ಮಾತಾಡಿದವರಲ್ಲ. ಗೋಡೆಯ ಕಡೆ ತಿರುಗಿ, ನೋಡಮ್ಮ ಹಿಂಗೈತೆ ಎನ್ನುತ್ತಿದ್ದರು. ಇದರಲ್ಲಿ ಕಷ್ಟವಿದೆ ಎಂದು ನನಗೆ ಅನಿಸಿರಲೇ ಇಲ್ಲ. ಹೆಚ್ಚು ಮಾತಾಡಬೇಕಾಗಿಲ್ಲವಲ್ಲ ಎಂದು ಸಮಾಧಾನವೇ ಇತ್ತು.

ಗಂಡ ಹೋದ ಮೇಲೆ ನಾನು ಅಡಿಕೆ ಸುಲಿಯಲು ಹೋಗತೊಡಗಿದೆ. ಸುಗ್ಗಿಯಲ್ಲಿ ಬೆಳಿಗ್ಗೆ ಟೆಂಪೋ ಬರುತ್ತಿತ್ತು. ನಮ್ಮೂರಿನ ಹೆಂಗಸರನ್ನೆಲ್ಲ ತುಂಬಿಕೊಂಡು ಚನ್ನಗಿರಿ ಕಡೆಯ ಸುಲಿಯುವ ಮನೆಗೆ ಬಿಡುತ್ತಿತ್ತು. ಮಣೆಯ ಮೇಲೆ ಕತ್ತಿ ನೆಟ್ಟಿರುತ್ತದೆ, ಅಲಗು ಮೇಲಕ್ಕೆ. ಅದರ ಎದುರು ಕೂತು ಕಾಯಿ ಒತ್ತಿ ಸಿಪ್ಪೆ ತೆಗೆಯಬೇಕು. ಸಾಲಾಗಿ ನಲವತ್ತು ಐವತ್ತು ಕತ್ತಿ. ನಿಮ್ಮ ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ, ನನ್ನ ಅತ್ತೆಯವರಿಗೆ ಕಣ್ಣು ಕಾಣುತ್ತಿರಲಿಲ್ಲ. ಒಂದು ದಿನ ಅವಳು ಸಿಪ್ಪೆಯ ರಾಶಿ ಮೇಲಿಂದ ಜಾರಿ ಪಕ್ಕದವಳ ಕತ್ತಿಯ ಮೇಲೆ ಕಾಲಿಟ್ಟಳು. ಎಡ ಪಾದದ ಅಂಚು ಸೀಳಿತು. ಮನೆಯ ಯಜಮಾನ ಬಂದು ನೋಡಿ, ಮುಂದಿನ ಸುಗ್ಗಿಗೆ ಕೂಸು ತರೋದಾದ್ರೆ ನೀನು ಬರಬೇಡ ಎಂದು ಹೇಳಿ ಹೋದ.

ಮುಂದಿನ ಜೂನಿಗೆ ಅವಳಿಗೆ ನಾಲ್ಕು ವರ್ಷ ಎಂಟು ತಿಂಗಳು. ಶಾಲೆಗೆ ಸೇರಿಸಲು ಐದು ವರ್ಷ ಹತ್ತು ತಿಂಗಳು ತುಂಬಿರಬೇಕು. ಆ ವರ್ಷ ಅಂಗನವಾಡಿಯ ಬಾಗಿಲು ತೆಗೆದದ್ದಕ್ಕಿಂತ ಹಾಕಿದ್ದೇ ಹೆಚ್ಚು. ನಾನು ಅತ್ತೆಯವರ ಕಿವಿಯಲ್ಲಿ ಹೇಳಿದೆ, ಆರು ವರ್ಷ ಅಂತ ಬರೆಸಲಿ ಎಂದು. ಆ ಮಾತು ನನ್ನದು. ಅತ್ತೆ ಅದನ್ನು ಭಾವನಿಗೆ ದಾಟಿಸಿದರು. ಭಾವ ಆಗಲಿ ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದರು. ಮೇಷ್ಟ್ರು ಜೂನ್ ಒಂದು ಎಂದು ಬರೆದರು. ಆಗ ತರಗತಿಯ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ಪೋಷಕರ ಸಹಿ ಎಂಬಲ್ಲಿ ಭಾವ ತಮ್ಮ ಹೆಸರು ಬರೆದರು. ಅಲ್ಲಿಗೆ ನಿಮ್ಮ ಅತ್ತೆ ನಿಜಕ್ಕಿಂತ ಒಂದು ವರ್ಷ ನಾಲ್ಕು ತಿಂಗಳು ದೊಡ್ಡವಳಾದಳು. ಸುಗ್ಗಿ ಬಂದಾಗ ನಾನು ನೆಮ್ಮದಿಯಾಗಿ ಟೆಂಪೋ ಹತ್ತಿದೆ.

ಅವಳು ನನ್ನ ಹಾಗೆಯೇ ಮಾತಿಲ್ಲದ ಹುಡುಗಿ. ಮನೆಗೆ ಯಾರಾದರೂ ಬಂದರೆ ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ರಜೆಯಲ್ಲಿ ತವರಿಗೆ ಕಳಿಸಿದರೆ ಸಂತೋಷವಾಗಿರುತ್ತಿದ್ದಳು, ಅಲ್ಲಿ ಮಾತಾಡಬೇಕಾದ್ದು ಕುರಿಗಳ ಜೊತೆ. ನಮ್ಮಪ್ಪ ಅವಳಿಗೆ ಟಗರು ತಡೆಯುವುದನ್ನು ಕಲಿಸಿದ. ಓಡಿ ಬರುವ ಟಗರಿನ ತಲೆ ನೋಡಬಾರದು, ತಲೆ ಸುಳ್ಳು ತೋರಿಸುತ್ತದೆ. ಮುಂದಿನ ಭುಜ ನೋಡಬೇಕು. ಭುಜ ಯಾವ ಕಡೆ ಇಳಿಯುತ್ತದೋ ಟಗರು ಆ ಕಡೆಗೇ ಹೋಗುತ್ತದೆ. ಅವಳು ಬರಿಗಾಲಿನಲ್ಲಿ ನಿಂತು ಗಂಟೆಗಟ್ಟಲೆ ಟಗರು ತಿರುಗಿಸುತ್ತಿದ್ದಳಂತೆ.

ಎಂಟನೇ ತರಗತಿಗೆ ಹೊನ್ನಾಳಿಯ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಅಲ್ಲಿಯ ಶಾಲೆಗೆ ಆ ವರ್ಷ ಹೊಸ ಪಿ.ಇ. ಮೇಷ್ಟ್ರು ಬಂದಿದ್ದರು. ಚಿನ್ನದ ಗಣಿ ಇದ್ದ ಕೋಲಾರದ ಕಡೆಯವರು. ಅಲ್ಲಿ ಬೀದಿ ಬೀದಿಗೂ ಫುಟ್‌ಬಾಲ್ ಆಡುತ್ತಾರಂತೆ. ಇಲ್ಲಿ ಬಂದು ನೋಡಿದರೆ ಗಂಡು ಹುಡುಗರಿಗೆಲ್ಲ ಕ್ರಿಕೆಟ್ಟು, ವಾಲಿಬಾಲು, ಕಬಡ್ಡಿ. ಅವರು ಹಟಕ್ಕೆ ಬಿದ್ದು ಹಾಸ್ಟೆಲಿನ ಹೆಣ್ಣು ಮಕ್ಕಳನ್ನು ಸೇರಿಸಿದರು. ಚೂಡಿದಾರದ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಆಡುತ್ತಿದ್ದರು. ನಿಮ್ಮ ಅತ್ತೆ ಎಲ್ಲರ ಹಿಂದೆ ಹೋಗಿ ನಿಂತಳು, ಚೆಂಡು ತನ್ನ ಹತ್ತಿರ ಬಾರದಿರಲಿ ಎಂದು. ಚೆಂಡು ಬಂದೇ ಬಂತು, ಅದರ ಜೊತೆ ಹತ್ತನೇ ತರಗತಿಯ ಗಟ್ಟಿ ಹುಡುಗಿಯೊಬ್ಬಳೂ ಬಂದಳು. ಇವಳು ಅವಳ ಭುಜ ನೋಡಿಕೊಂಡು ನಿಂತಳು. ಆ ಹುಡುಗಿ ಮೂರು ಸಲ ಬಂದಳು, ಮೂರು ಸಲವೂ ಚೆಂಡು ಇವಳ ಕಾಲಿನಲ್ಲಿ ಉಳಿಯಿತು. ಮೇಷ್ಟ್ರು ಸೀಟಿ ಊದಿಕೊಂಡು ಓಡಿ ಬಂದು, ಯಾರು ಹೇಳಿಕೊಟ್ಟರು ಎಂದು ಕೇಳಿದರಂತೆ. ಟಗರು ಸಾರ್, ಎಂದಳಂತೆ ಇವಳು. ಆ ದಿನದಿಂದ ಶಾಲೆಯಲ್ಲಿ ಅವಳನ್ನು ಟಗರು ಎಂದೇ ಕರೆದರು.

ಹಿಂದೆ ನಿಂತು ಆಡುವವರಿಗೆ ಡಿಫೆಂಡರ್ ಎನ್ನುತ್ತಾರೆ, ನಿಮಗೆ ಗೊತ್ತು. ನನಗೆ ಮೇಷ್ಟ್ರು ಹೇಳಿದ ಮೇಲೆ ತಿಳಿಯಿತು. ಇಡೀ ಆಟ ಅವರ ಕಣ್ಣೆದುರಿಗೇ ಇರುತ್ತದೆ. ಮುಂದೆ ಇರುವವರಿಗೆ ಬೆನ್ನ ಹಿಂದೆ ಏನು ನಡೆಯುತ್ತಿದೆ ಕಾಣುವುದಿಲ್ಲ, ಅದನ್ನು ಕೂಗಿ ಹೇಳಬೇಕಾದವರು ಇವರು. ಕೂಗದಿದ್ದರೆ ಕಾಲು ಎಷ್ಟು ಚುರುಕಿದ್ದರೂ ಪ್ರಯೋಜನವಿಲ್ಲ. ನಿಮ್ಮ ಅತ್ತೆಗೆ ಕಷ್ಟವಾದದ್ದು ಅದೊಂದೇ. ಮೇಷ್ಟ್ರು ಅವಳನ್ನು ಮೈದಾನದ ಆ ತುದಿಯಲ್ಲಿ ನಿಲ್ಲಿಸಿ, ಈ ತುದಿಯಲ್ಲಿ ತಾವು ನಿಂತು, ನನಗೆ ಕೇಳೋ ತನಕ ನನ್ನ ಹೆಸರು ಕೂಗು ಎನ್ನುತ್ತಿದ್ದರು. ಮೇಷ್ಟ್ರ ಹೆಸರು ಹಿಡಿದು ಕೂಗುವುದು ಹೇಗೆ. ಒಂದು ವಾರ ಅವಳು ಅಳುತ್ತ ನಿಂತಳು. ಕೂಗದ ದಿನ ಆಟಕ್ಕಿಲ್ಲ, ಹೊರಗೆ ಕೂರಬೇಕು. ಎಂಟನೆಯ ದಿನ ಕೂಗಿದಳು.

ನಾನು ಅವಳ ಆಟವನ್ನು ಮೊದಲ ಸಲ ನೋಡಿದ್ದು ನ್ಯಾಮತಿಯಲ್ಲಿ. ಭಾವನೇ ಕರೆದುಕೊಂಡು ಹೋಗಿದ್ದರು. ಅಷ್ಟು ಹೊತ್ತಿಗೆ ಅವರಿಗೆ ಹುಚ್ಚೇ ಹಿಡಿದಿತ್ತು. ಮೊದಲು, ಕಾಲು ಮುಚ್ಚೋ ಹಂಗೆ ಏನಾದ್ರೂ ಹಾಕ್ಕಂಡು ಆಡ್ಲಿ ಎಂದು ನನ್ನ ಅತ್ತೆಯವರ ಮೂಲಕ ಹೇಳಿ ಕಳಿಸಿದ್ದವರು, ಆಮೇಲೆ ದಾವಣಗೆರೆಗೆ ಹೋಗಿ ಮೊಳೆ ಇರುವ ಬೂಟು ತಂದುಕೊಟ್ಟರು. ಹೋಟೆಲಿನಲ್ಲಿ ಪೇಪರ್ ಓದುವವರಿಗೆಲ್ಲ ಅವಳ ಚಿತ್ರ ತೋರಿಸುತ್ತಿದ್ದರು. ನ್ಯಾಮತಿಯ ಮೈದಾನದಲ್ಲಿ ನಾನು ಸೆರಗು ಹಿಡಿದು ಹೆಂಗಸರ ನಡುವೆ ಕೂತಿದ್ದೆ. ನನ್ನ ಮಗಳು ಕೈ ಎತ್ತಿ, ಕತ್ತಿನ ನರ ಉಬ್ಬಿಸಿ, ಎಡಕ್ಕೆ ಹೋಗು, ಬಿಡಬೇಡ, ಹಿಂದೆ ಬಾ ಎಂದು ತನಗಿಂತ ದೊಡ್ಡ ಹುಡುಗಿಯರನ್ನು ಗದರುತ್ತಿದ್ದಳು. ಪಕ್ಕದಲ್ಲಿದ್ದ ಹೆಂಗಸೊಬ್ಬಳು, ಅಬ್ಬ ಏನು ಬಾಯಿ ಆ ಹುಡುಗೀದು, ತಾಯಿ ಯಾರೋ ಏನೋ ಎಂದಳು. ನಾನು ನೆಲ ನೋಡಿಕೊಂಡು ಕೂತೆ. ನನಗೆ ನಾಚಿಕೆಯಾಯಿತು. ಹೆಮ್ಮೆ ಆಗಬೇಕಿತ್ತು, ಆಗಿದ್ದು ನಾಚಿಕೆ.

ಅಲ್ಲಿಂದ ಜಿಲ್ಲೆ, ಅಲ್ಲಿಂದ ರಾಜ್ಯದ ಟೀಮು. ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಹದಿನೇಳು ವರ್ಷದೊಳಗಿನ ಹುಡುಗಿಯರ ಇಂಡಿಯಾ ಕ್ಯಾಂಪಿಗೆ ಆಯ್ಕೆ ನಡೆಯಿತು. ಮೇಷ್ಟ್ರು ತಮ್ಮ ಖರ್ಚಿನಲ್ಲಿ ಕರೆದುಕೊಂಡು ಹೋದರು. ಮೂರು ದಿನ ಆಡಿಸಿ ನೋಡಿದರು. ಅಲ್ಲಿ ವಯಸ್ಸು ಕಡಿಮೆ ಬರೆಸಿಕೊಂಡು ಬರುವವರು ಬಹಳ, ಅದಕ್ಕೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬು ನೋಡುತ್ತಾರೆ. ಎಷ್ಟೋ ಹುಡುಗಿಯರು ಅಲ್ಲಿ ಸಿಕ್ಕಿಬಿದ್ದರು. ನಿಮ್ಮ ಅತ್ತೆಯ ಎಲುಬು ಸರಿಯಾಗಿಯೇ ಇತ್ತು. ಹೆಸರು ಪಟ್ಟಿಯಲ್ಲಿ ಬಂತು. ಆದರೆ ಶಾಲೆಯ ಕಾಗದ ನೋಡಿದವರು, ಈ ಲೆಕ್ಕದಲ್ಲಿ ವಯಸ್ಸು ದಾಟಿದೆಯಲ್ಲ ಎಂದರು. ಮೇಷ್ಟ್ರು ನಡೆದದ್ದನ್ನು ಹೇಳಿದರು. ಅವರು, ಶಾಲೆಯದು ಬೇಡ, ಸರ್ಕಾರದ ಜನನ ಪ್ರಮಾಣಪತ್ರ ತನ್ನಿ, ಒಂದು ತಿಂಗಳು ಸಮಯ ಕೊಡುತ್ತೇವೆ ಎಂದರು. ಇದು ಮೋಸವಲ್ಲ. ಇನ್ನೊಬ್ಬರಾಗಿದ್ದರೆ ಅಷ್ಟೂ ಕೊಡುತ್ತಿರಲಿಲ್ಲ.

ಹುಟ್ಟಿದ್ದನ್ನು ಬರೆಸಿಯೇ ಇರಲಿಲ್ಲವಾದ್ದರಿಂದ ಜಗಳೂರಿನ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಕೋರ್ಟು ಆದೇಶ ಕೊಟ್ಟರೆ ನಿಜವಾದ ತಾರೀಖಿನಲ್ಲಿ ಜನನ ಬರೆದುಕೊಂಡು ಪ್ರಮಾಣಪತ್ರ ಕೊಡುತ್ತಾರೆ. ವಕೀಲರು ಪಂಚಾಂಗ ನೋಡಿ ಆ ಮಂಗಳವಾರದ ತಾರೀಖು ಹುಡುಕಿದರು. ಸಾಕ್ಷಿ ಯಾರು ಎಂದರು. ಸೂಲಗಿತ್ತಿ ಸತ್ತಿದ್ದಳು. ನಮ್ಮಪ್ಪ ಅವ್ವ ಇರಲಿಲ್ಲ. ನಮ್ಮಣ್ಣ ಮಂದೆಯ ಜೊತೆ ಎಲ್ಲಿದ್ದಾನೋ ತಿಳಿಯದು. ಉಳಿದವಳು ನಾನೊಬ್ಬಳು. ಹೆತ್ತ ತಾಯಿ ಬಂದು ಹೇಳಿದರೆ ಸಾಕು, ಬೇರೆ ಯಾರೂ ಬೇಡ ಎಂದರು ವಕೀಲರು. ಹೇಳಬೇಕಾದದ್ದು ಮೂರು ಮಾತು. ನಾನು ತಾಯಿ, ಇಂಥ ದಿನ ಇಂಥ ಮನೆಯಲ್ಲಿ ಹುಟ್ಟಿದಳು, ಶಾಲೆಯಲ್ಲಿ ತಪ್ಪಾಗಿ ಬರೆಸಿದ್ದೇವೆ. ನಿಮ್ಮ ಅತ್ತೆ ನನಗೆ ಆ ಮೂರು ಮಾತನ್ನು ಮಗ್ಗಿಯ ಹಾಗೆ ಹೇಳಿಸಿದಳು. ಅವಳಿಗೆ ಗೊತ್ತಿತ್ತು ನಾನೆಂಥವಳು ಎಂದು. ರೊಟ್ಟಿ ಬಡಿಯುವಾಗ ಹೇಳಿಸುತ್ತಿದ್ದಳು, ದನ ಕಟ್ಟುವಾಗ ಹೇಳಿಸುತ್ತಿದ್ದಳು. ನಗುತ್ತಲೇ, ಕೇಳಲಿಲ್ಲ ಜೋರಾಗಿ ಹೇಳವ್ವ ಎನ್ನುತ್ತಿದ್ದಳು.

ಆ ದಿನ ನಾವು ಮೂವರು ಹೊರಟೆವು. ಭಾವ, ನಾನು, ಅವಳು. ಭಾವ ಇಲ್ಲದೆ ನಾನು ಅಷ್ಟು ದೂರ ಎಂದೂ ಹೋದವಳಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸಿದೆವು. ಭಾವ ಮುಂದಿನ ಸೀಟಿನಲ್ಲಿ ಕೂತಿದ್ದರು. ಜಗಳೂರು ಹತ್ತಿರ ಬಂದಾಗ, ಅವರು ತಿರುಗದೆ, ಕಿಟಕಿಗೆ ಹೇಳುವ ಹಾಗೆ ಹೇಳಿದರು.

"ನೋಡಮ್ಮ, ಸಹಿ ನಂದೈತೆ ಅಲ್ಲಿ. ಊರಾಗೆ ನಾಲ್ಕು ಜನ ನನ್ನ ಮಾತು ಕೇಳ್ತಾರೆ. ಕೋರ್ಟಿನಾಗೆ ಸುಳ್ಳು ಬರೆಸಿದೋನು ಅಂತ ಆಗಬಾರದು. ಅಷ್ಟು ನೋಡ್ಕೊ."

ಅಷ್ಟೇ. ಆಮೇಲೆ ಕಡಲೆಕಾಯಿ ಪೊಟ್ಟಣ ತೆಗೆದು ಹಿಂದಕ್ಕೆ ಚಾಚಿದರು. ನಿಮ್ಮ ಅತ್ತೆ ತೆಗೆದುಕೊಂಡಳು. ನಾನು ಮೂರು ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಹೋದೆ. ಮೂರನೆಯದಕ್ಕೆ ಬಂದಾಗಲೆಲ್ಲ ಮತ್ತೆ ಮೊದಲನೆಯದಕ್ಕೇ ಹಿಂತಿರುಗುತ್ತಿದ್ದೆ. ಯಾಕೆಂದರೆ ಸುಳ್ಳು ನನ್ನದು. ನನಗೋಸ್ಕರ ಅದನ್ನು ತಮ್ಮ ಬಾಯಲ್ಲಿ ಹೇಳಿ, ತಮ್ಮ ಕೈಯಲ್ಲಿ ಸಹಿ ಹಾಕಿದವರು ಅವರು.

ಕೋರ್ಟಿನಲ್ಲಿ ನ್ಯಾಯಾಧೀಶರು ಹೆಂಗಸು. ವಯಸ್ಸು ಹೆಚ್ಚಿರಲಿಲ್ಲ. ನಾನು ಕಟಕಟೆಯ ಅಂಚು ಹಿಡಿದು ನಿಂತದ್ದು ನೋಡಿ, ಹೆದರಬೇಡಿ ಅಮ್ಮ, ನೀರು ಕುಡೀತೀರಾ ಎಂದರು. ವಕೀಲರು ಕೇಳಿದರು, ನಾನು ಮೊದಲನೆಯ ಮಾತು ಹೇಳಿದೆ. ಎರಡನೆಯದೂ ಹೇಳಿದೆ. ಅಮಾವಾಸ್ಯೆ, ಮಂಗಳವಾರ, ಕುರಿ ಬಿಡುವ ಹೊತ್ತು, ಎಲ್ಲ. ಬಾಗಿಲ ಹತ್ತಿರ ನಿಂತಿದ್ದ ನಿಮ್ಮ ಅತ್ತೆ ತಲೆಯಾಡಿಸುತ್ತಿದ್ದಳು. ಭಾವ ಮುಂದಿನ ಬೆಂಚಿನಲ್ಲಿ, ನನಗೆ ನಾಲ್ಕು ಮಾರು ದೂರದಲ್ಲಿ, ನನ್ನ ಕಡೆಯೇ ಮುಖ ಮಾಡಿ ಕೂತಿದ್ದರು. ಬೆಂಚು ಹಾಕಿದ್ದೇ ಹಾಗೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ನಾನು ಅವರಿಗೆ ಎದುರಾಗಿ ನಿಂತದ್ದು ಅದೇ ಮೊದಲು. ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

ಆಗ ನ್ಯಾಯಾಧೀಶರು, ವಕೀಲರು ಕಲಿಸದ ಪ್ರಶ್ನೆ ಕೇಳಿದರು. ಶಾಲೆಯಲ್ಲಿ ವಯಸ್ಸು ಬರೆಸಿದವರು ಯಾರು.

ಅವರು ಮತ್ತೆ ಕೇಳಿದರು. ವಕೀಲರು ಹೇಳಿ ಅಮ್ಮ ಎಂದರು. ಆ ಕೋಣೆಯಲ್ಲಿದ್ದ ಫ್ಯಾನಿನ ಸದ್ದು ನನಗೆ ಈಗಲೂ ಗೊತ್ತು. ನ್ಯಾಯಾಧೀಶರು ಕಾಗದ ತಿರುವಿ, ಇಲ್ಲಿ ಮಗುವಿನ ದೊಡ್ಡಪ್ಪನ ಸಹಿ ಇದೆ, ಹಾಗಾದರೆ ಅವರು ಬರೆಸಿದ್ದು ಸುಳ್ಳಾ ಎಂದು ಕೇಳಿದರು. ಕೋಪವಿಲ್ಲದೆ, ತಿಳಿದುಕೊಳ್ಳಲು ಕೇಳಿದರು. ಹೌದು, ನಾನೇ ಹೇಳಿ ಬರೆಸಿದೆ ಎಂದಿದ್ದರೆ ಮುಗಿಯುತ್ತಿತ್ತು.

"ಇಲ್ರೀ," ಎಂದೆ. "ಅವ್ರು ಬರೆಸಿದ್ದು ಸರಿನೇ ಐತ್ರೀ."

ವಕೀಲರು ಫೈಲು ಕೆಳಗಿಟ್ಟರು. ನ್ಯಾಯಾಧೀಶರು ಇನ್ನೊಂದು ಸಲ, ಯೋಚನೆ ಮಾಡಿ ಹೇಳಿ ಅಮ್ಮ, ಎರಡೂ ಸರಿ ಆಗೋಕೆ ಬರಲ್ಲ ಎಂದರು. ನಾನು ಅದನ್ನೇ ಹೇಳಿದೆ. ಎರಡನೆಯ ಸಲ ಸ್ವಲ್ಪ ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ. ಅರ್ಜಿ ವಜಾ ಆಯಿತು.

ಹೊರಗೆ ಬೇವಿನ ಮರದ ಕೆಳಗೆ ಭಾವ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನಾನು ಬಂದ ಕೂಡಲೇ ನನ್ನ ಕಡೆ ತಿರುಗಿ, ಮೊದಲ ಸಲ ನನ್ನ ಮುಖವನ್ನೇ ನೋಡಿ ಕೇಳಿದರು.

"ಯಾಕಮ್ಮ ಹಂಗಂದೆ? ಒಪ್ಕೊಳ್ಳಾಕೆ ಅಂತಾನೇ ನಾನು ಅಲ್ಲಿ ಕುಂತಿದ್ದು. ಬಸ್ಸಿನಾಗೆ ಏನೋ ಬಾಯಿಗೆ ಬಂದಿದ್ದು ಅಂದೆ. ಅಷ್ಟಕ್ಕೇ ಮಗು ಬಾಳು ಕಳೆದುಬಿಟ್ಯಲ್ಲ."

ಅವರಿಗೆ ಉತ್ತರ ಕೊಡುವ ಅಭ್ಯಾಸವೇ ನನಗಿರಲಿಲ್ಲ.

ಮತ್ತೆ ಅರ್ಜಿ ಹಾಕಬಹುದು, ಮೇಲಿನ ಕೋರ್ಟಿಗೂ ಹೋಗಬಹುದು, ಆದರೆ ಒಂದು ತಿಂಗಳಲ್ಲಿ ಆಗುವುದಲ್ಲ ಎಂದು ವಕೀಲರು ಹೇಳಿ ಹೋದರು. ಬಸ್ ಸ್ಟ್ಯಾಂಡಿನಲ್ಲಿ ಭಾವ ಟೀ ತರಲು ಹೋದಾಗ ನಿಮ್ಮ ಅತ್ತೆ ನನ್ನ ಪಕ್ಕ ಕೂತಳು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿ ಎಂದು ಕಾದೆ. ಅವಳು ತನ್ನ ಕಾಲಿನ ಬೆರಳು ನೋಡುತ್ತ, "ನಾನು ಹಿಂದೆ ನಿಂತು ಬಾಯಿ ಬಿಡದಿದ್ರೆ ಮೇಷ್ಟ್ರು ಹೊರಗೆ ಕೂರಿಸ್ತಿದ್ರು ಕಣವ್ವ. ನಿನ್ನ ಯಾರೂ ಹಂಗೆ ಹೊರಗೆ ಕೂರಿಸಲಿಲ್ಲ ನೋಡು" ಎಂದಳು. ಆಮೇಲೆ ಎದ್ದು ಹೋಗಿ ದೊಡ್ಡಪ್ಪನ ಕೈಯಿಂದ ಟೀ ಲೋಟ ಇಸಿದುಕೊಂಡು ಬಂದು ನನಗೆ ಕೊಟ್ಟಳು.

ಆ ಕ್ಯಾಂಪಿಗೆ ಅವಳ ಬದಲು ಇನ್ನೊಬ್ಬಳು ಹೋದಳು. ಆ ಹುಡುಗಿ ಆಮೇಲೆ ಇಂಡಿಯಾ ಬಟ್ಟೆ ಹಾಕಿ ಆಡುವುದನ್ನು ನಿಮ್ಮ ಅತ್ತೆ ಟಿವಿಯಲ್ಲಿ ನೋಡುತ್ತಿದ್ದಳು. ತಪ್ಪು ಮಾಡಿದಾಗ ಇಲ್ಲಿಂದಲೇ ಕೂಗುತ್ತಿದ್ದಳು, ಭುಜ ನೋಡು ಭುಜ ನೋಡು ಎಂದು. ಹೊಟ್ಟೆಕಿಚ್ಚಿನಿಂದಲ್ಲ. ಅದು ನನಗೆ ಹೆಚ್ಚು ಚುಚ್ಚುತ್ತಿತ್ತು.

ಅವಳು ಆಟ ಬಿಡಲಿಲ್ಲ. ಕಾಲೇಜು ಮುಗಿಸಿ ಬೆಂಗಳೂರಿನ ಕ್ಲಬ್ಬಿಗೆ ಸೇರಿದಳು. ಹೆಂಗಸರ ಲೀಗು ಶುರುವಾದ ಮೇಲೆ ಕೇರಳ, ಒಡಿಶಾ, ಇನ್ನೂ ಎಲ್ಲೆಲ್ಲೋ ಆಡಿದಳು. ಕೆಲಸವೆಂದರೆ ನಾಲ್ಕೈದು ತಿಂಗಳದು. ಲೀಗು ಮುಗಿದರೆ ಚೀಲ ಹೊತ್ತು ಮನೆಗೆ. ಮತ್ತೆ ಯಾರು ಕರೆಯುತ್ತಾರೋ ಎಂದು ಫೋನು ನೋಡುತ್ತ ಕೂರುವುದು. ಗೋಲು ಹೊಡೆದವರ ಚಿತ್ರ ಪೇಪರಿನಲ್ಲಿ ಬರುತ್ತಿತ್ತು. ಗೋಲು ಆಗದಂತೆ ತಡೆದವರ ಚಿತ್ರ ಬರುವುದು ಕಡಿಮೆ, ಹಾಗೆ ಬಂದರೂ ಬೆನ್ನು ಕಾಣುವ ಹಾಗೆ ಬರುತ್ತಿತ್ತು. ಭಾವ ಬೆನ್ನಿನ ನಂಬರು ನೋಡಿ ಗುರುತು ಹಿಡಿದು ಕತ್ತರಿಸಿ ಇಡುತ್ತಿದ್ದರು. ದೊಡ್ಡವರ ಇಂಡಿಯಾ ಕ್ಯಾಂಪಿಗೆ ಒಂದೇ ಒಂದು ಸಲ ಕರೆ ಬಂತು. ಹೊರಡಲು ಹದಿನೈದು ದಿನ ಇರುವಾಗ ಮೊಣಕಾಲಿನೊಳಗಿನ ನರ ಹರಿಯಿತು. ಆಪರೇಷನ್ ಆಗಿ ಎಂಟು ತಿಂಗಳು ಈ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು. ಚಿಕ್ಕವಳಾಗಿದ್ದಾಗಲೇ ಕ್ಯಾಂಪಿಗೆ ಹೋಗಿದ್ದರೆ ಅಲ್ಲಿಯ ಡಾಕ್ಟರು, ಅಲ್ಲಿಯ ಊಟ, ಅಲ್ಲಿಯ ಕಸರತ್ತು ಸಿಕ್ಕು ಕಾಲು ಗಟ್ಟಿಯಾಗಿರುತ್ತಿತ್ತು ಎಂದು ಮೇಷ್ಟ್ರು ಒಮ್ಮೆ ಬಂದಾಗ ನಿಮ್ಮ ಅಪ್ಪನ ಹತ್ತಿರ ಹೇಳುತ್ತಿದ್ದರು. ನಾನು ಒಳಗೆ ಇದ್ದೆ, ಕೇಳಿಸಿತು.

ಭಾವ ಎರಡು ವರ್ಷದ ಹಿಂದೆ ತೀರಿಕೊಂಡರು. ಕೊನೆಯವರೆಗೂ ಅವರು ನನ್ನ ಮೇಲೆ ಸಿಟ್ಟಾಗಿಯೇ ಇದ್ದರೋ ಇಲ್ಲವೋ ಗೊತ್ತಿಲ್ಲ. ಆ ದಿನದ ನಂತರ ಅವರು ಮತ್ತೆ ಗೋಡೆ ನೋಡಿಕೊಂಡೇ ಮಾತಾಡಿದರು.

ಈ ವರ್ಷ ಅವಳ ಕ್ಲಬ್ಬಿನವರು ಅವಳನ್ನು ಉಳಿಸಿಕೊಳ್ಳಲಿಲ್ಲ. ಹೊಸ ಕೋಚು ಬಂದಿದ್ದಾನಂತೆ, ಮೂವತ್ತು ದಾಟಿದವರು ಬೇಡ ಅಂದನಂತೆ. ಕಾಗದದಲ್ಲಿ ಅವಳಿಗೆ ಮೂವತ್ತು ದಾಟಿದೆ. ನಾನು ಹೆತ್ತ ಲೆಕ್ಕದಲ್ಲಿ ಇಪ್ಪತ್ತೊಂಬತ್ತು ತುಂಬಿದೆ, ಅಷ್ಟೇ. ಅವಳು ಮನೆಗೆ ಬಂದು ಚೀಲ ಇಳಿಸಿ ಇದನ್ನು ಹೇಳುವಾಗ, ಊಟದಲ್ಲಿ ಉಪ್ಪು ಕಡಿಮೆಯಿದೆ ಎಂದು ಹೇಳುವ ಹಾಗೆ ಹೇಳಿದಳು. ನನಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಹಿತ್ತಲಿನಲ್ಲಿ ಅವಳು ಬೂಟಿನ ಮಣ್ಣು ಕೆರೆಯುತ್ತಿದ್ದಾಗ ನಾನೇ ಹೋಗಿ ನಿಂತೆ. ಜಗಳೂರಿಗೆ ಹೋಗೋಣ, ಈಗ ಹೇಳುತ್ತೇನೆ, ಯಾರೇ ಎದುರು ಕೂತಿದ್ದರೂ ಹೇಳುತ್ತೇನೆ ಎಂದೆ. ಅಷ್ಟು ಉದ್ದದ ಮಾತನ್ನು ನಾನು ತಡವರಿಸದೆ ಆಡಿದ್ದು ಅವಳಿಗೂ ಆಶ್ಚರ್ಯವಾಗಿರಬೇಕು. ಕೆರೆಯುವುದನ್ನು ನಿಲ್ಲಿಸಿದಳು.

"ಈಗ ಹೇಳಿದ್ರೆ ಏನಂತಾರೆ ಗೊತ್ತೇನವ್ವ? ಟೀಮಿನಾಗೆ ಉಳ್ಕೊಳ್ಳಾಕೆ ವಯಸ್ಸು ಇಳಿಸ್ಕೊಂಡು ಬಂದವ್ಳೆ ಅಂತಾರೆ. ಎಲ್ರೂ ಮಾಡೋದು ಅದೇ. ನಿಂದೂ ಅದೇ ಸುಳ್ಳು ಅಂತಾರೆ."

"ನಿಜ ಅಲ್ವೇನೇ?"

"ನಿಜಾನೇ. ಆವಾಗ ನಿಜ ಆಗಿತ್ತು. ಬಿಡು."

ಅವಳು ಬೂಟುಗಳನ್ನು ಬಿಸಿಲಿಗೆ ಇಟ್ಟು ಒಳಗೆ ಹೋದಳು. ಮಕ್ಕಳಿಗೆ ಆಟ ಕಲಿಸುವ ಕೋಚು ಆಗಲು ಒಂದು ಪರೀಕ್ಷೆ ಇದೆಯಂತೆ, ಅದರ ಫಾರಂ ಮೊನ್ನೆಯಿಂದ ಮೇಜಿನ ಮೇಲಿತ್ತು. ಅದನ್ನು ತುಂಬಲು ಕೂತಳು. ನಾನು ಅವಳ ಹಿಂದೆ ನಿಂತು ನೋಡುತ್ತಿದ್ದೆ. ಹೆಸರು ಬರೆದಳು, ಊರು ಬರೆದಳು, ತಾಯಿಯ ಹೆಸರು ಎಂಬಲ್ಲಿ ನನ್ನ ಹೆಸರು ಬರೆದಳು. ಹುಟ್ಟಿದ ತಾರೀಖು ಎಂಬಲ್ಲಿ ಜೂನ್ ಒಂದು ಎಂದು ಬರೆದಳು, ನನ್ನ ಕಡೆ ತಿರುಗಲೂ ಇಲ್ಲ, ಕೈ ನಿಲ್ಲಿಸಲೂ ಇಲ್ಲ. ಕೆಳಗೆ, ಮೇಲಿನದೆಲ್ಲ ನಿಜ ಎಂದು ಅಚ್ಚಾಗಿದ್ದ ಸಾಲಿನ ಪಕ್ಕದಲ್ಲಿ ಸಹಿ ಹಾಕಿದಳು.